ಬ್ಲೂಮಿಂಗ್ಟನ್ ಅಥವಾ ಬೆಂಟನ್‌ವಿಲ್: ಎಲ್ಲಿ ಮನೆ ಮಾಡೋದು?

ಅಮೆರಿಕದ ಈ ಎರಡೂ ಊರಲ್ಲಿ ಐಟಿ ಕೆಲಸ ಇದೆ, ನಮ್ಮ ಕಡೆಯ ಜನರೂ ಸಿಗುತ್ತಾರೆ. 2020ರ ಜನಗಣತಿಯಲ್ಲಿ ಇಲಿನಾಯ್‌ನ ಬ್ಲೂಮಿಂಗ್ಟನ್‌ಗೆ ಸುಮಾರು 78,700 ಜನ, ಅದಕ್ಕೆ ಅಂಟಿಕೊಂಡ ನಾರ್ಮಲ್ ಅನ್ನೋ ಊರಿಗೆ 52,700. ಆರ್ಕಾನ್ಸಾದ ಬೆಂಟನ್‌ವಿಲ್‌ನಲ್ಲಿ 54,000. ಅಲ್ಲಿ 2010ರಲ್ಲಿ ಇದ್ದದ್ದು ಬರೀ 35,000!

ಈ ಬೆಳವಣಿಗೆಯ ಬಿಸಿ ತಟ್ಟೋದು ಮನೆ ಹುಡುಕುವವರಿಗೆ. ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್ ಮುಖ್ಯ ಕಚೇರಿ ಇದೆ, ಅದಕ್ಕೆ ಮಾಲು ಕೊಡುವ ಕಂಪನಿಗಳೂ ಸುತ್ತಮುತ್ತ ಕಚೇರಿ ತೆರೆದಿವೆ, ಹಾಗಾಗಿ ಮನೆ ಬೆಲೆ ಜೋರಾಗಿ ಏರಿದೆ. ಬ್ಲೂಮಿಂಗ್ಟನ್‌ನಲ್ಲಿ ಮನೆ ಅಗ್ಗ. ಆದರೆ ಆಸ್ತಿ ತೆರಿಗೆಯಲ್ಲಿ ಇಲಿನಾಯ್ ದೇಶದ ಅತಿ ದುಬಾರಿ ರಾಜ್ಯಗಳಲ್ಲಿ ಒಂದು, ಸುಮ್ನೆ ಸಾಲದ ಕಂತು ನೋಡಿ ಸಹಿ ಹಾಕಬೇಡಿ.

ಕೆಲಸದ ವಿಷಯದಲ್ಲಿ ನನಗೆ ಬ್ಲೂಮಿಂಗ್ಟನ್ ಮೇಲೆ ಹೆಚ್ಚು ಧೈರ್ಯ. ಸ್ಟೇಟ್ ಫಾರ್ಮ್ ವಿಮಾ ಕಂಪನಿ ಇದೆ, ನಾರ್ಮಲ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯ ಇದೆ, ಮಿತ್ಸುಬಿಷಿ 2015ರಲ್ಲಿ ಮುಚ್ಚಿದ ಕಾರ್ಖಾನೆಯಲ್ಲಿ ಈಗ ರಿವಿಯನ್ ಕಂಪನಿ ವಿದ್ಯುತ್ ವಾಹನ ಮಾಡುತ್ತಿದೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಂಪನಿ ಗತಿ ಅಂತಾಗಬಾರದು, ಅಲ್ವಾ?

ಊರಿಂದ ಅಪ್ಪ ಅಮ್ಮ ಬಂದರೆ ನಾರ್ಮಲ್‌ನಲ್ಲಿ ರೈಲು ಹತ್ತಿಸಿ ಶಿಕಾಗೋ ತೋರಿಸಬಹುದು. ಬೆಂಟನ್‌ವಿಲ್‌ಗೆ ಪ್ರಯಾಣಿಕರ ರೈಲಿಲ್ಲ. ಅಲ್ಲಿ ಕಾಡಿನೊಳಗೆ ಸೈಕಲ್ ದಾರಿಗಳಿವೆ, ಟಿಕೆಟ್ ಇಲ್ಲದೆ ನೋಡಬಹುದಾದ ಕ್ರಿಸ್ಟಲ್ ಬ್ರಿಡ್ಜಸ್ ಕಲಾ ಸಂಗ್ರಹಾಲಯ ಇದೆ. ಚಳಿ ಆಗದವರು ಅಲ್ಲಿಗೇ ಹೋಗಿ. ಜನವರಿಯಲ್ಲಿ ಬ್ಲೂಮಿಂಗ್ಟನ್‌ನ ಬೋಳು ಜೋಳದ ಹೊಲಗಳ ಮೇಲಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತೆ.