ಮೊಮ್ಮಗಳ ಕೊರಳಿನ ಭೂತಗನ್ನಡಿ: ಎರಡು ಮಳೆಗಾಲ ಕಳೆದ ಮೇಲೆ

ನನ್ನ ಮೊಮ್ಮಗಳ ಕೊರಳಲ್ಲಿ ಚಿನ್ನದ ಸರವಿಲ್ಲ. ಕರಿದಾರಕ್ಕೆ ಕಟ್ಟಿದ ಒಂದು ಮಡಚುವ ಭೂತಗನ್ನಡಿಯಿದೆ. ಮದುವೆಮನೆಗೂ ಅದನ್ನು ಹಾಕಿಕೊಂಡೇ ಬರುತ್ತಾಳೆ. ಕಳೆದ ತಿಂಗಳು ನೆಂಟರ ಮನೆಯೊಂದರಲ್ಲಿ ಊಟದ ಎಲೆಯ ಮೇಲಿನ ಉಪ್ಪನ್ನು ನೋಡುತ್ತ ಕುಳಿತಿದ್ದಳು. ಪಕ್ಕದ ಪಂಕ್ತಿಯವರು ನಾಲ್ಕು ಜನ ಊಟ ಬಿಟ್ಟು ಸಾಲುಗಟ್ಟಿ ಬಂದು ಉಪ್ಪಿನ ಹರಳು ಚೌಕವಾಗಿದೆಯೆಂದು ನೋಡಿ ಹೋದರು. ಅದು ಎಲ್ಲಿ ಸಿಕ್ಕಿತು, ಎಷ್ಟಾಯಿತು, ಯಾವುದನ್ನು ಕೊಳ್ಳಬೇಕು ಎಂದು ಆ ದಿನ ಕೇಳಿದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪದವಿಪೂರ್ವ ಕಾಲೇಜೊಂದರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಈಗ ತೀರ್ಥಹಳ್ಳಿಯ ಹತ್ತಿರ ಒಂದಿಷ್ಟು ಅಡಿಕೆ ನೋಡಿಕೊಂಡಿದ್ದೇನೆ. ಮಗಳು ಮತ್ತು ಅಳಿಯ ಬೆಂಗಳೂರಿನಿಂದ ಇಲ್ಲಿಗೆ ಬಂದು ನೆಲೆಸಿ, ಮಕ್ಕಳನ್ನು ಸದ್ಯಕ್ಕೆ ಶಾಲೆಗೆ ಕಳುಹಿಸುವುದಿಲ್ಲ, ಮನೆಯಲ್ಲೇ ಕಲಿಸುತ್ತೇವೆ ಎಂದಾಗ ಅತಿ ಹೆಚ್ಚು ಜಗಳವಾಡಿದವನು ನಾನೇ. ಶಿಕ್ಷಣ ಹಕ್ಕು ಕಾಯ್ದೆ, ಆರರಿಂದ ಹದಿನಾಲ್ಕು ವರ್ಷ ಎಂದೆಲ್ಲ ಕೂಗಾಡಿದೆ. ಮಗಳು ಶಾಂತವಾಗಿ, ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು ಅಪ್ಪಯ್ಯ, ಅಲ್ಲಿಯವರೆಗೆ ಅಕ್ಷರ ಮತ್ತು ಲೆಕ್ಕ ನನಗಿರಲಿ, ಗಿಡ, ಹುಳು, ಹಕ್ಕಿ ನಿಮಗಿರಲಿ ಎಂದಳು. ಬಾಯಿ ಮುಚ್ಚಿಸುವ ಉಪಾಯ ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು.

ಮೊದಲು ಬಂದದ್ದು ಭೂತಗನ್ನಡಿಯಲ್ಲ, ಪೆಟ್ಟಿಗೆ. ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ 'ನಿಸರ್ಗ ಕಲಿಕೆ'ಯ ಪೆಟ್ಟಿಗೆ, ಒಂದಕ್ಕೆ 899 ರೂಪಾಯಿ, ಆರು ತಿಂಗಳ ಹಣ ಮುಂಗಡ. ಕಂಪನಿಯ ಹೆಸರು ಬೇಡ. ಮೊದಲ ಪೆಟ್ಟಿಗೆಯಲ್ಲಿ ಎಲೆ ಗುರುತಿಸುವ ಹನ್ನೆರಡು ಚೀಟಿಗಳಿದ್ದವು. ಮೇಪಲ್, ಓಕ್, ಬರ್ಚ್. ಮಗು ಮೂರು ದಿನ ತೋಟದಲ್ಲೆಲ್ಲ ಮೇಪಲ್ ಎಲೆ ಹುಡುಕಿತು. ನಾಲ್ಕನೆಯ ದಿನ ಹರಳುಗಿಡದ ಎಲೆ ಹಿಡಿದುಕೊಂಡು ಬಂದು, "ಅಜ್ಜ, ಇದೇ ಇರಬೇಕು, ಸ್ವಲ್ಪ ತಪ್ಪಾಗಿ ಬೆಳೆದಿದೆ" ಎಂದಿತು. ಹರಳೆಣ್ಣೆ ಕೊಡುವ ಗಿಡ ತಪ್ಪಾಗಿ ಬೆಳೆದ ಮೇಪಲ್ ಆಯಿತು! ಉಳಿದ ಐದು ಪೆಟ್ಟಿಗೆಗಳ ವಿಚಾರ ಬಿಡುತ್ತೇನೆ.

ಆ ಪೆಟ್ಟಿಗೆಯಲ್ಲೂ ಒಂದು ಪ್ಲಾಸ್ಟಿಕ್ ಭೂತಗನ್ನಡಿಯಿತ್ತು. ಅಂಗೈ ಅಗಲ, ಹಸಿರು ಹಿಡಿ, ನೋಡಲು ಚೆಂದ. ಇರುವೆ ಅದರಲ್ಲಿ ಸ್ವಲ್ಪ ದಪ್ಪ ಇರುವೆಯಾಗಿ ಕಾಣುತ್ತಿತ್ತು, ಅಷ್ಟೇ. ಎರಡು ವಾರದಲ್ಲಿ ಮೈತುಂಬ ಗೀರು ಬಿದ್ದು ಇರುವೆಯೂ ಮಂಜಾಯಿತು.

ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನ ಕಡೆ, ಅಕ್ಕಸಾಲಿಗರಿಗೆ ತಕ್ಕಡಿ, ಇಕ್ಕಳ, ಅರ ಮಾರುವ ಸಣ್ಣ ಅಂಗಡಿಗೆ ನುಗ್ಗಿದೆ. ಮಕ್ಕಳ ಆಟಿಕೆಯ ಅಂಗಡಿಗಿಂತ ಇಂಥ ಅಂಗಡಿಯೇ ಸರಿ. ಕಲ್ಲಿನ ಬಿರುಕು ನೋಡಿ ಬೆಲೆ ಕಟ್ಟುವವರು ಮಂಕು ಗಾಜನ್ನು ಕೊಳ್ಳುವುದಿಲ್ಲ. ಅಂಗಡಿಯವರು ಎರಡು ತೋರಿಸಿದರು. ಒಂದರ ಮೇಲೆ '30 ಪಟ್ಟು' ಎಂದು ಕೊರೆದಿತ್ತು, 250 ರೂಪಾಯಿ. ಇನ್ನೊಂದರ ಮೇಲೆ '10 ಪಟ್ಟು', 650 ರೂಪಾಯಿ. "ಮೂವತ್ತು ಪಟ್ಟಿನದು ಅಗ್ಗ, ಹತ್ತು ಪಟ್ಟಿನದು ದುಬಾರಿ, ಇದೇನು ಸ್ವಾಮಿ?" ಎಂದೆ. ಅವರು ನಕ್ಕು, "ಎರಡನ್ನೂ ಕಣ್ಣಿಗಿಟ್ಟು ನೋಡಿ ಯಜಮಾನರೇ" ಎಂದರಷ್ಟೇ. ಹಠಕ್ಕೆ ಬಿದ್ದು ಎರಡನ್ನೂ ತಂದೆ.

ಮನೆಯಲ್ಲಿ ಮೊಮ್ಮಗಳನ್ನೇ ಕೂರಿಸಿಕೊಂಡು ಅಳತೆ ಮಾಡಿದೆವು. ನೀವೂ ಮಾಡಬಹುದು, ಅಡಿಪಟ್ಟಿ ಸಾಕು. ಹಗಲಿನಲ್ಲಿ ಕಿಟಕಿಯ ಎದುರುಗೋಡೆಯ ಹತ್ತಿರ ಗಾಜನ್ನು ಹಿಡಿದು ಹಿಂದೆ ಮುಂದೆ ಸರಿಸಿದರೆ ಒಂದು ಹಂತದಲ್ಲಿ ಗೋಡೆಯ ಮೇಲೆ ಕಿಟಕಿಯ ಪುಟ್ಟ ಚಿತ್ರ ತಲೆಕೆಳಗಾಗಿ ಮೂಡುತ್ತದೆ. ಆಗ ಗೋಡೆಗೂ ಗಾಜಿಗೂ ಇರುವ ಅಂತರವೇ ಹೆಚ್ಚುಕಡಿಮೆ ಅದರ ಸಂಗಮ ದೂರ, ಅಂದರೆ ಗಾಜು ಬೆಳಕನ್ನು ಒಂದೆಡೆ ಕೂಡಿಸುವ ದೂರ. 25 ಸೆಂಟಿಮೀಟರನ್ನು ಅದರಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಹಸಿರು ಹಿಡಿಯ ಪ್ಲಾಸ್ಟಿಕ್‌ಗೆ 10 ಸೆಂಟಿಮೀಟರ್ ಬಂತು, ಅಂದರೆ ಎರಡೂವರೆ ಪಟ್ಟು. '30' ಎಂದು ಕೊರೆದದ್ದಕ್ಕೆ 3 ಸೆಂಟಿಮೀಟರ್. ಎಂಟು ಪಟ್ಟಿಗಿಂತ ಚೂರು ಹೆಚ್ಚು, ಅಷ್ಟೇ. ನಿಜವಾಗಿ ಮೂವತ್ತು ಪಟ್ಟಾಗಬೇಕಿದ್ದರೆ ಆ ಅಂತರ 8 ಮಿಲಿಮೀಟರ್ ಇರಬೇಕಿತ್ತು, ಗಾಜು ಹೆಚ್ಚುಕಡಿಮೆ ಗೋಲಿಯಂತೆ ಉಬ್ಬಿರಬೇಕಿತ್ತು. ಮುನ್ನೂರು ವರ್ಷಕ್ಕೂ ಹಿಂದೆ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಒಂದೇ ಗಾಜಿನಲ್ಲಿ ಇನ್ನೂರು ಪಟ್ಟು ದಾಟಿದ್ದು ಹೌದು, ಆದರೆ ಅದು ರಾಗಿಕಾಳಿನ ಗಾತ್ರದ ಗಾಜು. 650 ರೂಪಾಯಿಯದು ಮಾತ್ರ ಎರಡೂವರೆ ಸೆಂಟಿಮೀಟರಿಗೆ ಬಂದು ನಿಂತಿತು. ಹತ್ತು ಎಂದು ಕೊರೆದಿದ್ದಾರೆ, ಹತ್ತೇ ಇದೆ. ಅದರಲ್ಲಿ ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಆದ್ದರಿಂದ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಒಡೆಯುವುದಿಲ್ಲ, ನಡುವೆ ಕಂಡಷ್ಟೇ ಸ್ಪಷ್ಟವಾಗಿ ಬದಿಯಲ್ಲೂ ಕಾಣುತ್ತದೆ. ಹೆಚ್ಚಿಗೆ ಕೊಟ್ಟ ನಾನೂರು ರೂಪಾಯಿ ಅದಕ್ಕೆ.

ಗಾಜು ಒಳ್ಳೆಯದಿದ್ದರೂ ಹಿಡಿಯಲು ಬಾರದಿದ್ದರೆ ವ್ಯರ್ಥ. ಪತ್ತೇದಾರಿ ಚಿತ್ರಗಳನ್ನು ನೋಡಿದ ಎಲ್ಲರೂ ಗಾಜನ್ನು ವಸ್ತುವಿನ ಮೇಲೆ ಹಿಡಿದು ತಾವು ದೂರದಿಂದ ಇಣುಕುತ್ತಾರೆ. ಹತ್ತು ಪಟ್ಟಿನದಕ್ಕೆ ಅದು ಆಗದು. ಗಾಜು ಕಣ್ಣಿಗೆ ತಾಗುವಷ್ಟು ಹತ್ತಿರವಿರಬೇಕು, ಎಲೆಯೋ ಹೂವೋ ಗಾಜಿನ ಕಡೆಗೆ ಬರಬೇಕು. ಗಾಜು ಹಿಡಿದ ಕೈಯನ್ನು ಕೆನ್ನೆಗೆ ಒತ್ತಿಕೊಂಡರೆ ನಡುಕ ನಿಲ್ಲುತ್ತದೆ. ನನ್ನ ಕಾಲೇಜಿನ ಹುಡುಗರಿಗೇ ಇದನ್ನು ಹೇಳಿ ಹೇಳಿ ಸಾಕಾಗುತ್ತಿತ್ತು. ಆರು ವರ್ಷದವಳು ಎರಡು ದಿನದಲ್ಲಿ ಕಲಿತಳು. ನಾಲ್ಕು ವರ್ಷದ ತಮ್ಮನಿಗೆ ಮಾತ್ರ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ಎರಡನ್ನೂ ಮುಚ್ಚಿ "ಕತ್ತಲೆ ಕಾಣುತ್ತಿದೆ" ಎನ್ನುತ್ತಾನೆ. ಅವನಿಗೆ ಅಕ್ಕನೇ ಅಂಗೈಯಿಂದ ಒಂದು ಕಣ್ಣು ಮುಚ್ಚಿ ಹಿಡಿಯಬೇಕು. ಇಷ್ಟು ಸಣ್ಣವರಿಗೆ ಇದನ್ನು ಕೊಡಿಸಬೇಡಿ. ಬಟ್ಟಲಿನಂತೆ ನೆಲದ ಮೇಲಿಟ್ಟು ಎರಡು ಕಣ್ಣಿನಿಂದಲೂ ನೋಡುವಂಥದ್ದು ಸಿಗುತ್ತದೆ, ಅದು ಸಾಕು.

ಏನೇನು ನೋಡಿದೆವು ಎಂದು ಬರೆಯಹೊರಟರೆ ಮುಗಿಯುವುದಿಲ್ಲ. ಜರಿಗಿಡದ ಎಲೆಯ ಬೆನ್ನಿನ ಕಂದು ಚುಕ್ಕೆಗಳು ರೋಗವಲ್ಲ, ಒಂದೊಂದೂ ಪುಟ್ಟ ಚೀಲಗಳ ಗೊಂಚಲು. ದಾಸವಾಳದ ಕೇಸರಕ್ಕೆ ಅಂಟಿದ ಪರಾಗದ ಒಂದೊಂದು ಕಣವೂ ಬಿಡಿಬಿಡಿಯಾಗಿ ಗುಂಡಗೆ ಕಾಣುತ್ತದೆ. ಆದರೆ ನನಗೆ ಗಾಜಿನ ಬೆಲೆ ಗೊತ್ತಾದದ್ದು ಇರುವೆಯಿಂದ. ಮಗು ತನ್ನ ಪುಸ್ತಕದಲ್ಲಿ ಇರುವೆ ಬರೆಯುತ್ತಿದ್ದದ್ದು ಎಲ್ಲ ಮಕ್ಕಳಂತೆಯೇ: ಮೂರು ಗುಂಡು, ಒಂದೊಂದು ಗುಂಡಿಗೂ ಎರಡೆರಡು ಕಾಲು. ನಾನು ತಿದ್ದಲಿಲ್ಲ. ಸತ್ತ ಕಟ್ಟಿರುವೆಯೊಂದನ್ನು ಬಿಳಿ ಕಾಗದದ ಮೇಲಿಟ್ಟು ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ, "ಅಜ್ಜ, ಹೊಟ್ಟೆಗೆ ಕಾಲೇ ಇಲ್ಲ! ಆರೂ ನಡುವಿನ ಗುಂಡಿನಿಂದಲೇ ಹೊರಟಿವೆ" ಎಂದಳು. ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ಹುಡುಕಿ ಹೊಟ್ಟೆಯ ಕಾಲುಗಳನ್ನು ರಬ್ಬರಿನಿಂದ ಅಳಿಸಿದಳು. ಈ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಮೂವತ್ತನಾಲ್ಕು ಸಲ ನೋಡಿದ್ದೇನೆ, ಒಬ್ಬರೂ ಹಾಗೆ ಕೂಗಿದ್ದನ್ನು ಕೇಳಿಲ್ಲ.

ಇನ್ನು ಕುಂದುಕೊರತೆ. ಮೊದಲನೆಯದು ಎರಡೂವರೆ ಸೆಂಟಿಮೀಟರ್. ಅಷ್ಟು ಹತ್ತಿರಕ್ಕೆ ಹೋಗದೆ ಏನೂ ಕಾಣುವುದಿಲ್ಲ, ಅಷ್ಟು ಹತ್ತಿರ ಹೋದರೆ ಚಗಳಿ ಇರುವೆ ಸುಮ್ಮನಿರುವುದಿಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವಾಗ ಚಗಳಿ ತನ್ನ ಮರಿಹುಳುವನ್ನೇ ಬಾಯಲ್ಲಿ ಹಿಡಿದು ಅದರ ರೇಷ್ಮೆಯಿಂದ ಅಂಟಿಸುತ್ತದೆ ಎಂದು ನಾನೇ ಹೇಳಿದ್ದೆ. ಆ ದಾರವನ್ನು ನೋಡಲು ಹೋಗಿ ಹುಬ್ಬಿನ ಮೇಲೆ ಎರಡು ಕಡೆ ಕಚ್ಚಿಸಿಕೊಂಡಳು. ಅತ್ತದ್ದು ಮಗು, ಬೈಸಿಕೊಂಡದ್ದು ನಾನು.

ಎರಡನೆಯದು ಬಿಸಿಲು. '30' ಎಂದು ಕೊರೆದದ್ದನ್ನು ಒಂದು ಮಧ್ಯಾಹ್ನ ಜಗುಲಿಯಲ್ಲಿ ತೆರೆದೇ ಬಿಟ್ಟಿದ್ದೆವು. ವಾಪಸು ಬರುವಷ್ಟರಲ್ಲಿ ಅಡಿಯಲ್ಲಿದ್ದ ದಿನಪತ್ರಿಕೆಗೆ ಬಟಾಣಿಯಷ್ಟು ಕಪ್ಪು ತೂತು ಬಿದ್ದಿತ್ತು. ಪಕ್ಕದಲ್ಲೇ ಒಣ ಅಡಿಕೆ ಸಿಪ್ಪೆಯ ರಾಶಿ. ಅಂದಿನಿಂದ ನೋಡಿದ ತಕ್ಷಣ ಮಡಚಬೇಕು ಎಂಬುದು ನಮ್ಮ ಮನೆಯ ಕಾನೂನು, ಸೂರ್ಯನ ಕಡೆ ಎತ್ತಿ ನೋಡಬಾರದು ಎಂಬುದು ಅದಕ್ಕಿಂತ ದೊಡ್ಡ ಕಾನೂನು. ಮಡಚಿದರೆ ಗಾಜು ಲೋಹದ ಕವಚದೊಳಗೆ ಸೇರಿಬಿಡುತ್ತದೆ. ಹಿಡಿಯಿರುವ ಭೂತಗನ್ನಡಿಗಿಂತ ಮಡಚುವುದನ್ನೇ ಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ.

ಮೂರನೆಯದು ನಮ್ಮ ಊರಿನ ದೋಷ, ಗಾಜಿನದಲ್ಲ. ಮಲೆನಾಡಿನ ಮಳೆಗೆ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಕಾಲೇಜಿನಲ್ಲಿ ಜೂನ್ ಬಂತೆಂದರೆ ಸೂಕ್ಷ್ಮದರ್ಶಕಗಳ ಬೀರುವಿನೊಳಗೆ 40 ವ್ಯಾಟಿನ ಬಲ್ಬು ಉರಿಸಿಡುತ್ತಿದ್ದೆವು. ಮನೆಯಲ್ಲಿ, ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಕೂಡಿಟ್ಟು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ರಾತ್ರಿ ಭೂತಗನ್ನಡಿಯನ್ನು ಅದರಲ್ಲಿ ಮಲಗಿಸುತ್ತೇವೆ. ಎರಡು ಮಳೆಗಾಲ ಕಳೆದಿದೆ, ಇನ್ನೂ ಬೂಷ್ಟು ಬಂದಿಲ್ಲ. ತಿರುಪು ಮಾತ್ರ ಆರೇ ತಿಂಗಳಿಗೆ ಸಡಿಲವಾಯಿತು. ಗಡಿಯಾರ ರಿಪೇರಿಯವರು ದುಡ್ಡು ತೆಗೆದುಕೊಳ್ಳದೆ ಬಿಗಿ ಮಾಡಿಕೊಟ್ಟರು, ಕೊಡುವ ಮುಂಚೆ ತಮ್ಮದೇ ಗಡಿಯಾರವೊಂದನ್ನು ಅದರಲ್ಲಿ ಐದು ನಿಮಿಷ ನೋಡಿದರು.

ಈಗ ನಡೆಯುತ್ತಿರುವುದು ಕರಿಬೇವಿನ ಪಾಠ. ಗಿಡದಲ್ಲಿ ಚಿಟ್ಟೆಯ ಮೊಟ್ಟೆ ಸಿಕ್ಕಿತು, ಸಾಸಿವೆಯಷ್ಟು, ತಿಳಿಹಳದಿ. ಹುಳು ಹೊರಬಂದಾಗ ಥೇಟು ಹಕ್ಕಿಯ ಹಿಕ್ಕೆಯಂತಿತ್ತು. ಮಗಳು ಎಸೆಯಲು ಹೊರಟಿದ್ದಳು, ಮೊಮ್ಮಗಳು ಅಡ್ಡ ಬಂದಳು. ಪೊರೆ ಕಳಚುತ್ತ ಕಳಚುತ್ತ ಕೊನೆಗೆ ಹಸಿರಾಯಿತು, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ವಾಸನೆ ಬಿಡುತ್ತಿತ್ತು. ಹತ್ತು ಪಟ್ಟಿನಲ್ಲಿ ಅವಳು ಕಾಲುಗಳನ್ನು ಎಣಿಸಿದಳು: ಮುಂದೆ ಚೂಪಾದ ಆರು, ಹಿಂದೆ ಮೆತ್ತಗೆ ಮೊಂಡಾದ ಹತ್ತು, ಒಟ್ಟು ಹದಿನಾರು. ಇರುವೆಯ ಲೆಕ್ಕ ತಲೆಯಲ್ಲಿತ್ತಲ್ಲ, ಕೇಳಿಯೇ ಬಿಟ್ಟಳು: "ಚಿಟ್ಟೆಗೆ ಆರೇ ಕಾಲು ಅಂದಿದ್ದೀರಿ. ಉಳಿದ ಹತ್ತು ಎಲ್ಲಿ ಹೋಗುತ್ತವೆ?"

ಅವು ನಿಜವಾದ ಕಾಲಲ್ಲ, ಕೊಂಬೆಗೆ ಅಂಟಿಕೊಳ್ಳಲು ಇರುವ ಮಾಂಸದ ಗೂಟಗಳು, ಕೋಶದೊಳಗೆ ಇಲ್ಲವಾಗುತ್ತವೆ ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಮೊನ್ನೆ ಹುಳು ಕೋಶವಾಗಿ, ಕಳಚಿದ ಕೊನೆಯ ಪೊರೆ ಮುದುಡಿ ಕೆಳಗೆ ಬಿದ್ದಿತ್ತು. ಅದನ್ನು ಬಿಳಿ ಕಾಗದದ ಮೇಲಿಟ್ಟುಕೊಂಡು, ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಬೆಳಗಿನಿಂದ ಜಗುಲಿಯಲ್ಲಿ ಕುಳಿತಿದ್ದಾಳೆ. ಇದುವರೆಗೆ ನಾಲ್ಕು ಸಿಕ್ಕಿವೆಯಂತೆ.