ಸರ್ಕಾರಿ ಪ್ರೌಢಶಾಲೆಗೆ ಫುಟ್ಬಾಲ್ ತಂಡವೋ, ಹಾಕಿ ತಂಡವೋ?

ಮಡಿಕೇರಿಯಂಥ ಪೇಟೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ತಂಡ ಕಟ್ಟುವವರಿಗೆ ಮೊದಲು ಎದುರಾಗುವುದು ಖರ್ಚು. 5ನೇ ಅಳತೆಯ ನಾಲ್ಕು ಚೆಂಡು, ಒಂದು ಪಂಪು ಇದ್ದರೆ 22 ಮಕ್ಕಳು ಫುಟ್ಬಾಲ್ ಅಭ್ಯಾಸ ಶುರುಮಾಡಬಹುದು. ಹಾಕಿಯಲ್ಲಿ ಪ್ರತಿ ಮಗುವಿಗೂ ಸ್ಟಿಕ್, ಮೊಣಕಾಲ ಕೆಳಗೆ ಕಟ್ಟುವ ಶಿನ್‌ಗಾರ್ಡ್ ಬೇಕು. ಗೋಲ್‌ಕೀಪರ್‌ನ ಪ್ಯಾಡ್, ಹೆಲ್ಮೆಟ್ ಬಿಡುವಂತೆಯೇ ಇಲ್ಲ. ಸುಮಾರು 160 ಗ್ರಾಂನ ಹಾಕಿ ಚೆಂಡು ಕಲ್ಲಿನಷ್ಟು ಗಟ್ಟಿ.

ಮೈದಾನದ ವಿಚಾರ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಅಂಗಳ ಕೆಸರಾಗುತ್ತದೆ. ಕೆಸರಲ್ಲಿ ಹಾಕಿ ಚೆಂಡು ಉರುಳುವುದಿಲ್ಲ. ನೆಲ ಒಣಗಿದ ಮೇಲೆ ಹೆಜ್ಜೆಗುಳಿಗೆ ತಾಗಿ ಮುಖಕ್ಕೆ ಪುಟಿಯುತ್ತದೆ. ಫುಟ್ಬಾಲ್ ಹೇಗೋ ನಡೆಯುತ್ತದೆ. ಆದರೆ ಹೊಲಿಗೆಯ ಚೆಂಡು ನೀರು ಹೀರಿ ಭಾರವಾಗುತ್ತದೆ (450 ಗ್ರಾಂ ಮೀರಿದರೆ ಮಕ್ಕಳಿಂದ ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು, ಮಾಡಿಸಲೇಬೇಡಿ). ಆಟ ಮುಗಿದೊಡನೆ ಒರೆಸಿ ನೆರಳಲ್ಲಿ ಒಣಗಿಸಿ. ಒಲೆಯ ಬಳಿ ಇಟ್ಟರೆ ಹೊಲಿಗೆ ಬಿಡುತ್ತದೆ.

ಪರಂಪರೆಯಲ್ಲಿ ಹಾಕಿಯದೇ ಮೇಲುಗೈ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದಾಗಿ ಎಷ್ಟೋ ಮನೆಗಳಲ್ಲಿ ಹಳೇ ಸ್ಟಿಕ್ಕೂ ಇದೆ, ಕಲಿಸುವವರೂ ಇದ್ದಾರೆ.

ಹತ್ತಿರದಲ್ಲಿ ಟರ್ಫ್ (ಕೃತಕ ಹುಲ್ಲಿನ ಮೈದಾನ), ಊರಲ್ಲಿ ಹಳೆಯ ಆಟಗಾರರು ಇದ್ದರೆ ಹಾಕಿ ಹಿಡಿಯಿರಿ. ಶಾಲೆಯ ಅಂಗಳವಷ್ಟೇ ಇದ್ದು, ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳು ಹೆಚ್ಚಿದ್ದರೆ ಫುಟ್ಬಾಲ್. ಜಾಗ ಸಾಲದಿದ್ದರೆ ಐವರ ತಂಡದಿಂದಲೇ ಆರಂಭಿಸಿ.