ಎಲ್‌ಎಸ್‌ಎಸ್ ಗೈಡ್ ತೆಗೆಯುವ ಮೊದಲು ಈ ಹಾಳೆ: 'ಅಸರ್' ಓದು, ಲೆಕ್ಕದ ಪರೀಕ್ಷೆ

ಓಣಂ ರಜೆ ಮುಗಿದು ಶಾಲೆ ಮತ್ತೆ ಶುರುವಾದರೆ ಸಾಕು, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ತಾಯಂದಿರ ಪ್ರಶ್ನೆ ಒಂದೇ. "ಟೀಚರ್, ಎಲ್‌ಎಸ್‌ಎಸ್‌ಗೆ ಯಾವ ಗೈಡ್ ತೆಗೆಯುವುದು?" ನಾನು ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಮಕ್ಕಳಿಗೆ ಟ್ಯೂಷನ್ ಕೊಡುತ್ತೇನೆ. ಹೆಚ್ಚಿನವರು ಕನ್ನಡ ಮಾಧ್ಯಮದವರು. 4ನೇ ತರಗತಿಯಲ್ಲಿ ಬರೆಯುವ ಈ ಸ್ಕಾಲರ್‌ಶಿಪ್ ಪರೀಕ್ಷೆಯ ಮೇಲೆ ಎಲ್ಲರಿಗೂ ಆಸೆ. ಆಸೆ ಇರಲಿ, ತಪ್ಪೇನಿಲ್ಲ. ಆದರೆ ಮಗುವಿಗೆ ಓದಲು ಎಷ್ಟು ಬರುತ್ತದೆ, ಕಳೆಯುವ ಲೆಕ್ಕ ಬರುತ್ತದಾ ಎಂದು ಮೊದಲು ಗೊತ್ತಾಗಬೇಕಲ್ವಾ? ಅದಕ್ಕೆ ನಾನು ಬಳಸುವುದು ಅಸರ್‌ನ ಕನ್ನಡ ಹಾಳೆಗಳು. ಒಂದು ಓದಿಗೆ, ಒಂದು ಲೆಕ್ಕಕ್ಕೆ. ಅಸರ್ ಸೆಂಟರ್‌ನ ವೆಬ್‌ಸೈಟ್‌ನಲ್ಲಿ ಸುಮ್ನೆ ಸಿಗುತ್ತದೆ. ಖರ್ಚು ಏನಿದ್ದರೂ ಪ್ರಿಂಟ್ ತೆಗೆಸುವುದಕ್ಕೆ ಮಾತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪ್ರಥಮ್ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸಿಕೊಂಡು ಬಂದ ಸಮೀಕ್ಷೆ ಇದು. ಮಕ್ಕಳನ್ನು ಪರೀಕ್ಷಿಸುವುದು ಶಾಲೆಯಲ್ಲಲ್ಲ, ಮನೆಯಲ್ಲಿ. ಒಂದೊಂದೇ ಮಗುವಿನ ಪಕ್ಕ ಕೂತು, ಬಾಯಲ್ಲಿ ಓದಿಸಿ ನೋಡುತ್ತಾರೆ. 5ರಿಂದ 16 ವರ್ಷದವರೆಗೆ ಎಲ್ಲರಿಗೂ ಅದೇ ಹಾಳೆ. ಅಂಕ ಇಲ್ಲ, ರ‍್ಯಾಂಕ್ ಇಲ್ಲ. ಮಗು ಯಾವ ಹಂತದವರೆಗೆ ಸಲೀಸಾಗಿ ಬರುತ್ತದೋ ಆ ಹಂತವನ್ನು ಗುರುತು ಹಾಕುತ್ತಾರೆ, ಅಷ್ಟೇ.

ಓದಿನ ಹಾಳೆಯಲ್ಲಿ ನಾಲ್ಕು ಭಾಗ ಉಂಟು: ಅಕ್ಷರ, ಪದ, 1ನೇ ತರಗತಿ ಮಟ್ಟದ ಸಣ್ಣ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಶುರು ಮಾಡುವುದು ಅಕ್ಷರದಿಂದಲ್ಲ, ಪ್ಯಾರಾದಿಂದ. ಅದನ್ನು ಚೆನ್ನಾಗಿ ಓದಿದರೆ ಕಥೆಗೆ ಹೋಗಬೇಕು. ತಡವರಿಸಿದರೆ ಪದಕ್ಕೆ ಇಳಿಯಬೇಕು. ಮಗು ತನಗೆ ಬೇಕಾದ ಐದು ಪದ ಆರಿಸಿಕೊಂಡು ನಾಲ್ಕನ್ನಾದರೂ ಸರಿಯಾಗಿ ಓದಬೇಕು. ಅದೂ ಆಗದಿದ್ದರೆ ಅಕ್ಷರ. ಈ ಕ್ರಮ ನನಗೆ ತುಂಬಾ ಇಷ್ಟ. 4ನೇ ತರಗತಿಯ ಹುಡುಗನ ಮುಂದೆ ಅ, ಆ ಇಟ್ಟು ಅವನಿಗೆ ನಾಚಿಕೆಯಾಗುವ ಹಾಗೆ ಮಾಡುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಓಣಂ ಪರೀಕ್ಷೆಯಲ್ಲಿ ಒಳ್ಳೆಯ ಗ್ರೇಡ್ ಬಂದಿತ್ತು. ಪಾಠಪುಸ್ತಕ ತೆರೆದರೆ ಪಟಪಟ ಓದುತ್ತಿದ್ದ. ಈ ಹಾಳೆಯ ಪ್ಯಾರಾ ಕೊಟ್ಟಾಗ ಎರಡನೇ ಸಾಲಿಗೇ ನಿಂತ. ಪಾಠವೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು, ಹೊಸ ಸಾಲು ಕಂಡಾಗ ಕೈಕೊಟ್ಟಿತು. ಹತ್ತಿರ ಕೂತು ಗಮನಿಸಿದರೆ ಅವನ ತೊಂದರೆ ಇದ್ದದ್ದು ಒಂದೇ ಕಡೆ. ಅಕ್ಷರ ಗೊತ್ತು, ಕಾಗುಣಿತ ಗೊತ್ತು. ಒತ್ತು ಬಂದಲ್ಲಿ ಮಾತ್ರ ಅದನ್ನು ಬಿಟ್ಟೇಬಿಡುತ್ತಿದ್ದ. 'ಹತ್ತಿರ' ಅವನ ಬಾಯಲ್ಲಿ 'ಹತಿರ', 'ಕಟ್ಟಿದ' ಎಂಬುದು 'ಕಟಿದ'. ಅರ್ಕಾವೊತ್ತು ಕಂಡರಂತೂ ಬೆರಳು ಅಲ್ಲೇ ನಿಲ್ಲುತ್ತಿತ್ತು. ಇಂಥ ಮಗುವಿಗೆ ದಪ್ಪ ಗೈಡ್ ಕೊಟ್ಟು ಏನು ಪ್ರಯೋಜನ? ಅವನಿಗೆ ಬೇಕಾದದ್ದು ದಿನಾ ಹತ್ತು ನಿಮಿಷ ಒತ್ತಕ್ಷರ. ಅದನ್ನೇ ಮಾಡಿದೆವು. ಈಗ ಕಥೆ ಓದುತ್ತಾನೆ, ನಿಧಾನ, ಆದರೆ ಅಕ್ಷರ ನೋಡಿಕೊಂಡೇ ಓದುತ್ತಾನೆ.

ಲೆಕ್ಕದ ಹಾಳೆ ಶುರುವಾಗುವುದು ಕಳೆಯುವ ಲೆಕ್ಕದಿಂದ. ಎರಡಂಕಿಯದ್ದು, ದಶಕ ಬಿಡಿಸಬೇಕಾದದ್ದು. ಎರಡು ಮಾಡಬೇಕು, ಎರಡೂ ಸರಿಯಾಗಬೇಕು. ಸರಿಯಾದರೆ ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಆಗದಿದ್ದರೆ ಸಂಖ್ಯೆ ಗುರುತಿಸುವುದು, ಮೊದಲು ಎರಡಂಕಿ, ಆಮೇಲೆ 1ರಿಂದ 9. ನನ್ನ ಮಕ್ಕಳಲ್ಲಿ ಜಾಸ್ತಿ ಕಾಣುವ ತಪ್ಪು ಇಲ್ಲಿಯೇ ಸಿಕ್ಕಿಬೀಳುತ್ತದೆ. 63ರಿಂದ 28 ಕಳೆ ಎಂದರೆ 45 ಎಂದು ಬರೆಯುತ್ತಾರೆ. 3ರಿಂದ 8 ಹೋಗುವುದಿಲ್ಲ, ಹಾಗಾಗಿ ತಿರುಗಿಸಿ 8ರಿಂದ 3 ಕಳೆದುಬಿಡುತ್ತಾರೆ. ಉತ್ತರ ಮಾತ್ರ ನೋಡಿ ತಪ್ಪು ಹಾಕಿದರೆ ಇದು ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತು ಪೆನ್ಸಿಲ್ ಹೋಗುವ ದಾರಿ ನೋಡಿದರೆ ಮಾತ್ರ ತಿಳಿಯುತ್ತದೆ. ಆಮೇಲೆ ಹತ್ತರ ಕಟ್ಟು ಕಟ್ಟಿದ ಹಿಡಿಸೂಡಿ (ಪೊರಕೆ) ಕಡ್ಡಿ ಕೊಟ್ಟು ಒಂದು ಕಟ್ಟು ಬಿಚ್ಚಿಸಿದರೆ ವಿಷಯ ತಲೆಗೆ ಹೋಗುತ್ತದೆ.

ಮನೆಯವರಿಗೆ ಫಲಿತಾಂಶ ಹೇಳುವಾಗ ಕೆಲವರ ಮುಖ ಸಣ್ಣದಾಗುತ್ತದೆ. ಅವರಿಗೆ ನಾನು 2024ರ ಅಸರ್ ವರದಿಯ ಲೆಕ್ಕ ಹೇಳುತ್ತೇನೆ. ದೇಶದ ಹಳ್ಳಿಗಳ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಕಥೆ ಓದಬಲ್ಲವರು ಶೇಕಡಾ 27.1. ಕಳೆಯುವ ಲೆಕ್ಕ ಮಾಡಬಲ್ಲವರು ಶೇಕಡಾ 33.7. ಅಂದರೆ ನಿಮ್ಮ ಮಗು ಒಬ್ಬನೇ ಹಿಂದೆ ಬಿದ್ದದ್ದಲ್ಲ. ದಡ್ಡನೂ ಅಲ್ಲ. 3ನೇ ತರಗತಿ ಮುಗಿಯುವಾಗ ಓದು, ಲೆಕ್ಕ ಎರಡೂ ಗಟ್ಟಿಯಾಗಬೇಕು ಎಂದು ಕೇಂದ್ರ ಸರಕಾರ 2021ರಲ್ಲಿ ನಿಪುಣ್ ಭಾರತ್ ಯೋಜನೆ ಶುರು ಮಾಡಿದ್ದೂ ಇದೇ ಕಾರಣಕ್ಕೆ. ಅದರ ಗಡುವು 2026-27. ನಮ್ಮಲ್ಲಿ ಜೂನ್, ಜುಲೈ ಮಳೆಗೆ ಜಿಲ್ಲಾಧಿಕಾರಿ ಕೊಡುವ ರಜೆಗಳೂ ಸೇರಿ ಮೊದಲ ಟರ್ಮ್ ತುಂಡು ತುಂಡಾಗಿ ಹೋಗುತ್ತದೆ. ಹಾಗಾಗಿ ಓಣಂ ಆದ ಮೇಲೆ, ಕ್ರಿಸ್ಮಸ್ ಪರೀಕ್ಷೆಯ ಮೊದಲು ಒಮ್ಮೆ ಇದನ್ನು ಮಾಡಿ ನೋಡುವುದು ಒಳ್ಳೆಯದು.

ಕಾಸರಗೋಡಿನ ಮಕ್ಕಳಿಗೆ ಈ ಹಾಳೆ ಹೊಂದುತ್ತದಾ ಎಂದು ಕೇಳಿದರೆ, ಹೊಂದುತ್ತದೆ, ಆದರೆ ಕೂತು ಪರೀಕ್ಷಿಸುವವರಿಗೆ ಕಿವಿ ಇರಬೇಕು. ನನ್ನ ಜಗಲಿಯಲ್ಲಿ ತುಳು ಮನೆಯವರು, ಹವ್ಯಕರು, ಮರಾಟಿಗರು, ಬ್ಯಾರಿ, ಮಲೆಯಾಳ ಮನೆಯವರು ಎಲ್ಲ ಉಂಟು. ಪುಸ್ತಕದ ಕನ್ನಡ ಹೆಚ್ಚಿನವರಿಗೆ ಶಾಲೆಯಲ್ಲೇ ಮೊದಲು ಸಿಗುವುದು. ಒಬ್ಬಳು ಓದಿ ನಿಲ್ಲಿಸಿ "ಎನಗೆ ಇದು ಗೊಂತಿಲ್ಲೆ ಟೀಚರ್" ಎನ್ನುತ್ತಾಳೆ, ಇನ್ನೊಬ್ಬ "ಎಂಕ್ ಗೊತ್ತುಜ್ಜಿ" ಎನ್ನುತ್ತಾನೆ. ಒಂದು ಹವ್ಯಕ, ಒಂದು ತುಳು, ಎರಡಕ್ಕೂ ಅರ್ಥ 'ನನಗೆ ಗೊತ್ತಿಲ್ಲ'. ಉಚ್ಚಾರದಲ್ಲಿ ಮನೆಯ ಮಾತಿನ ಛಾಯೆ ಬಂದರೆ ಅದನ್ನು ತಪ್ಪು ಎಂದು ಎಣಿಸಬಾರದು. ಮಹಾಪ್ರಾಣ ಸ್ವಲ್ಪ ತೆಳುವಾದರೆ ನಾನು ಬಿಡುತ್ತೇನೆ. ಅಕ್ಷರವನ್ನೇ ನೋಡದೆ ಊಹಿಸಿ ಓದಿದರೆ ಬಿಡುವುದಿಲ್ಲ.

ಕೊರತೆಯೂ ಇದೆ. ಓದಿನ ಹಾಳೆ ನೋಡುವುದು ಓದಲು ಬರುತ್ತದೋ ಇಲ್ಲವೋ ಎಂದಷ್ಟೇ. ಓದಿದ್ದು ಅರ್ಥವಾಯಿತೇ ಎಂಬುದನ್ನು ಕೇಳುವುದಿಲ್ಲ. ಹಾಗಾಗಿ ಕಥೆ ಮುಗಿದ ಮೇಲೆ ನಾನೇ ಎರಡು ಪ್ರಶ್ನೆ ಕೇಳುತ್ತೇನೆ, ಮಗು ತನ್ನ ಮನೆಯ ಮಾತಿನಲ್ಲಿ ಉತ್ತರ ಕೊಟ್ಟರೂ ಆಗಬಹುದು. ಇನ್ನೊಂದು, ಹಾಳೆಯ ಕೊನೆಯ ಹಂತವೇ 2ನೇ ತರಗತಿಯ ಕಥೆ. ಅದನ್ನು ದಾಟಿದ ಮಾತ್ರಕ್ಕೆ ಎಲ್‌ಎಸ್‌ಎಸ್‌ಗೆ ತಯಾರಾದ ಹಾಗೆ ಅಲ್ಲ. ಅದನ್ನು ದಾಟಿದವರಿಗೆ ಗೈಡ್ ತೆಗೆಯಿರಿ, ಹಳೆಯ ಪ್ರಶ್ನೆಪತ್ರಿಕೆ ಮಾಡಿಸಿ. ದಾಟದವರಿಗೆ ಈಗ ಬೇಡ.

ಬಳಸುವವರಿಗೆ ಒಂದೆರಡು ಮಾತು. ಒಂದಕ್ಕಿಂತ ಜಾಸ್ತಿ ಮಾದರಿ ಸಿಗುತ್ತದೆ, ಪ್ರತಿ ಸಲ ಬೇರೆಯದನ್ನು ಕೊಡಿ, ಇಲ್ಲದಿದ್ದರೆ ಅದೂ ಬಾಯಿಪಾಠವಾಗುತ್ತದೆ. ಪ್ರಿಂಟ್ ತೆಗೆಸುವಾಗ ಎರಡು ಪುಟವನ್ನು ಒಂದಕ್ಕೆ ಕುಗ್ಗಿಸಬೇಡಿ, ಒತ್ತು ಕಾಣದಷ್ಟು ಸಣ್ಣದಾಗುತ್ತದೆ. ಅಣ್ಣ, ತಂಗಿ, ಪಕ್ಕದ ಮನೆಯವರು ಸುತ್ತ ನಿಂತಿರುವಾಗ ಮಾಡಿಸಲೇಬೇಡಿ. ಮತ್ತೆ, ಮಗು ತಪ್ಪು ಓದಿದ ಕೂಡಲೇ ತಿದ್ದಬೇಡಿ. ಪೂರ್ತಿ ಓದಿ ಮುಗಿಸಲಿ, ತಪ್ಪನ್ನು ನೀವು ಬೇರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾಳೆ ಏನು ಕಲಿಸಬೇಕು ಎಂಬುದು ಆ ಕಾಗದದಲ್ಲಿ ಇರುತ್ತದೆ.